ಒಂದರಿಂದ ಇನ್ನೊಂದಕ್ಕೆ ದಾಟುವ ಪ್ರತಿರೋಧ

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೆ ಹತ್ತಿರದಲ್ಲೇ, ಬಿ.ಜಿ. ನಗರದಲ್ಲಿ, ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಸುತ್ತಲ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಕರೆಯುವ ಹಸುಗಳಿವೆ. ಮನುಷ್ಯರ ಸೋಂಕಿಗೂ ಹಸುವಿನ ಕೆಚ್ಚಲು ಬಾವಿಗೂ ಆ್ಯಂಟಿಬಯೋಟಿಕ್ ಬೇಕು. ಆ ಔಷಧ ಸೋಲುವ ಬಗೆಯನ್ನು ಇಂಥ ಊರು ಅರಿತಿರಲೇಬೇಕು.

ಬ್ಯಾಕ್ಟೀರಿಯಾದೊಳಗೆ, ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ, ಸಾಮಾನ್ಯವಾಗಿ ಉಂಗುರದಂತಿರುವ ಪುಟ್ಟ ಡಿಎನ್‌ಎ ಇರುವುದುಂಟು. ಅದೇ ಪ್ಲಾಸ್ಮಿಡ್, 1952ರಲ್ಲಿ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಇಟ್ಟ ಹೆಸರು. ಔಷಧಕ್ಕೆ ಪ್ರತಿರೋಧ ಕೊಡುವ ವಂಶವಾಹಿ ಇದರಲ್ಲಿರಬಹುದು. ಎರಡು ಬ್ಯಾಕ್ಟೀರಿಯಾಗಳು ಅಂಟಿಕೊಂಡಾಗ ಒಂದು ತನ್ನ ಪ್ಲಾಸ್ಮಿಡ್‌ನ ಪ್ರತಿಯನ್ನು ಇನ್ನೊಂದಕ್ಕೆ ದಾಟಿಸಬಲ್ಲದು. ಕೊಟ್ಟದ್ದು ಏನನ್ನೂ ಕಳೆದುಕೊಳ್ಳುವುದಿಲ್ಲ. ಪಡೆದದ್ದು ತಾನೂ ಹಂಚತೊಡಗುತ್ತದೆ. ಎರಡೂ ಒಂದೇ ಜಾತಿಯವಾಗಿರಬೇಕೆಂದಿಲ್ಲ. ಕರುಳಲ್ಲಿ ತೆಪ್ಪಗಿರುವ ಇ. ಕೋಲಿಯ ಪ್ರತಿರೋಧ ಆಮಶಂಕೆ ತರುವ ಶಿಗೆಲ್ಲಾಕ್ಕೆ ಸೇರಬಲ್ಲದು. ಜಪಾನಿನ ವಿಜ್ಞಾನಿಗಳು 1959ರಷ್ಟು ಹಿಂದೆಯೇ ಇಂಥ ವರ್ಗಾವಣೆ ಕಂಡಿದ್ದರು. ಒಂದೇ ಪ್ಲಾಸ್ಮಿಡ್ ಹಲವು ಔಷಧಗಳ ಪ್ರತಿರೋಧವನ್ನು ಹೊತ್ತಿರಬಹುದು. ಹಾಗಾಗಿ ಒಂದು ಮಾತ್ರೆಯ ದುರ್ಬಳಕೆ, ನಾವು ನುಂಗಿಯೇ ಇರದ ಮಾತ್ರೆಗಳನ್ನೂ ನಿಷ್ಫಲಗೊಳಿಸಬಲ್ಲದು.

2015ರಲ್ಲಿ ಚೀನಾದಿಂದ ಕಳವಳದ ಸುದ್ದಿ ಬಂತು: ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್‌ಗೂ ಪ್ರತಿರೋಧ ಕೊಡುವ ವಂಶವಾಹಿ ಪ್ಲಾಸ್ಮಿಡ್ ಏರಿತ್ತು, ಹಂದಿಗಳಲ್ಲೂ ರೋಗಿಗಳಲ್ಲೂ. ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿಗಳಿಗೆ ಕೊಲಿಸ್ಟಿನ್ ಬಳಕೆ ನಿಷೇಧಿಸಿತು. ಸರಿಯಾದ ಹೆಜ್ಜೆ, ಆದರೆ ಸಾಲದು. ಔಷಧ ನಿಯಮಗಳ ಎಚ್1 ಪಟ್ಟಿಯ ಆ್ಯಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ವಹಿಯಲ್ಲಿ ಬರೆಯಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆ. ಆ ವಹಿಗಳನ್ನು ಅಧಿಕಾರಿಗಳು ಹೋಬಳಿ ಮಟ್ಟದ ಔಷಧ ಅಂಗಡಿಗಳಲ್ಲೂ ತೆರೆದು ನೋಡಲಿ. ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಡುವ ಮೊದಲು ಹಾಲನ್ನು ಪರೀಕ್ಷಿಸುವ ಅನುಕೂಲ ಬೆಳ್ಳೂರಿನ ರೈತರಿಗೆ ಹತ್ತಿರದಲ್ಲೇ ಸಿಗಲಿ.