ಭಾನುವಾರ ಓಡದ ಹುಡುಗ



ಶಾಲೆಯ ಕ್ರೀಡೋತ್ಸವದಲ್ಲಿ ಮೊದಲು ಬಂದವನಿಗೆ ಕಪ್, ಎರಡನೆಯವನಿಗೆ ಪದಕ, ಉಳಿದವರಿಗೆ ಚಪ್ಪಾಳೆ ಎಂಬುದು ರೂಢಿ. ಸದ್ವರ್ತನೆಯ ಬಹುಮಾನವೆಂದರೆ ಓಡಲಾರದ ಹುಡುಗನ ಸಮಾಧಾನಕ್ಕೆ ಕೊಡುವ ಪೆನ್ನು ಎಂದೇ ಹಲವರ ಭಾವನೆ. ಓಟವೂ ಒಳ್ಳೆಯ ನಡತೆಯೂ ಒಬ್ಬನಲ್ಲಿಯೇ ಕೂಡಿದ್ದರೆ? ಆ ನಡತೆಗೆ ಅವನ ದೈವಭಕ್ತಿಯೇ ಬೇರಾಗಿದ್ದರೆ? ಅಂಥ ಒಬ್ಬ ಕ್ರೈಸ್ತ ಹುಡುಗನ ವಿಷಯವನ್ನು ಈ ಸಲ ಬರೆಯೋಣವೆಂದಿದ್ದೇವೆ. ಹೆಸರು ಎರಿಕ್ ಲಿಡೆಲ್.

ಸ್ಕಾಟ್ಲೆಂಡಿನ ಓಟಗಾರನಿಗೂ ಗುಜರಾತಿನ ಕನ್ನಡಿಗರಿಗೂ ಎಲ್ಲಿಯ ನಂಟು ಎನ್ನಬೇಡಿ. ಲಂಡನ್ ಮಿಷನರಿ ಸೊಸೈಟಿಯವರು 1810ರಲ್ಲಿ ಬಳ್ಳಾರಿಗೆ ಬಂದರು. ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಆ ಸಂಸ್ಥೆಯವನೇ. ಬಳ್ಳಾರಿಯ ಹಿರಿಯರು ನೆನೆಯುವ ವಾರ್ಡ್‌ಲಾ ಹೈಸ್ಕೂಲೂ ಅದರದ್ದೇ. 1815ರಲ್ಲಿ ಅದೇ ಸೊಸೈಟಿ ನಮ್ಮ ಸೂರತ್ತಿಗೆ ಬಂದು ಬೈಬಲನ್ನು ಗುಜರಾತಿಗೆ ತಂದು ಅಚ್ಚು ಹಾಕಿಸಿತು. ಅದೇ ಸೊಸೈಟಿ ಚೀನಕ್ಕೆ ಕಳಿಸಿದ ದಂಪತಿಗಳ ಮಗ ಎರಿಕ್. 1902ರಲ್ಲಿ ಟಿಯೆನ್‌ತ್ಸಿನ್ ನಗರದಲ್ಲಿ ಹುಟ್ಟಿದ.

ಆರು ವರ್ಷವಾಗುತ್ತಲೇ ಅವನನ್ನೂ ಅಣ್ಣನನ್ನೂ ಲಂಡನ್ನಿನಲ್ಲಿ ಮಿಷನರಿಗಳ ಮಕ್ಕಳಿಗೆಂದೇ ಇದ್ದ ವಸತಿಶಾಲೆಗೆ ಸೇರಿಸಿ ತಂದೆ ಚೀನಕ್ಕೆ ಮರಳಿದ. ತಾಯಿಯೂ ಹಿಂದೆಯೇ ಹೋದಳು. ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ನೌಕರಿಗೆಂದು ರೈಲು ಹತ್ತಿ ಬಂದವರಿಗೆ ಇದರ ಸಂಕಟ ಹೇಳಬೇಕಿಲ್ಲ. ಮುಂದೆ ಎಲ್ಥಮ್ ಕಾಲೇಜ್ ಎಂದು ಹೆಸರಾದ ಆ ಶಾಲೆಯಲ್ಲಿ ಹುಡುಗ ರಗ್ಬಿ ಆಟದಲ್ಲೂ ಓಟದಲ್ಲೂ ಎಲ್ಲರ ಕಣ್ಮಣಿಯಾದ. ಆದರೂ ಅವನಲ್ಲಿ ಹಮ್ಮು ಎಳ್ಳಷ್ಟೂ ಇಲ್ಲವೆಂದು ಹೆಡ್‌ಮಾಸ್ತರರೇ ಹೇಳುತ್ತಿದ್ದರಂತೆ. ಓಡುವ ರೀತಿಯೇನೋ ನೋಡುವವರಿಗೆ ನಗೆ ತರಿಸುವಂಥದು: ತಲೆ ಹಿಂದಕ್ಕೆ, ಬಾಯಿ ಆಕಾಶಕ್ಕೆ, ಕೈಗಳು ಗಾಳಿಯಲ್ಲಿ.

ಆಗ ಓಟಗಾರರು ಕಾಲೂರಲು ನೆಲದಲ್ಲಿ ತಾವೇ ಗುಳಿ ತೋಡಿಕೊಳ್ಳಬೇಕಿತ್ತು. ಲಿಡೆಲ್ ತನ್ನ ಸಣ್ಣ ಕರಣೆಯನ್ನು ಎದುರಾಳಿಗಳಿಗೂ ಕೊಟ್ಟು, ಒಬ್ಬೊಬ್ಬರ ಕೈ ಕುಲುಕಿ ಆಮೇಲೆ ಓಟಕ್ಕೆ ನಿಲ್ಲುತ್ತಿದ್ದ. ಹಾಗೆಂದು ಮೆತ್ತನೆಯವನಲ್ಲ. 1923ರಲ್ಲಿ ಒಂದು 440 ಗಜದ ಓಟದಲ್ಲಿ ಯಾರೋ ತಗುಲಿ ನೆಲಕ್ಕೆ ಬಿದ್ದ. ಎದ್ದು ನೋಡಿದರೆ ಉಳಿದವರು ಸುಮಾರು 20 ಗಜ ಮುಂದೆ. ಗೆದ್ದವನು ಮಾತ್ರ ಅವನೇ!

1924ರ ಪ್ಯಾರಿಸ್ ಒಲಿಂಪಿಕ್ಸಿನ ಕಥೆ ಬಹಳ ಜನಕ್ಕೆ ಗೊತ್ತು. ಅವನ ಮುಖ್ಯ ಓಟವಾದ 100 ಮೀಟರಿನ ಮೊದಲ ಸುತ್ತು ಜುಲೈ 6, ಭಾನುವಾರ ಬಿತ್ತು. ಭಾನುವಾರ ದೇವರ ದಿನ, ಓಡುವುದಿಲ್ಲ ಎಂದುಬಿಟ್ಟ. 1981ರ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರದಲ್ಲಿ ಹಡಗು ಹತ್ತುವಾಗ ಅವನಿಗೆ ವಿಷಯ ತಿಳಿದಂತೆ ತೋರಿಸಿದ್ದಾರೆ. ಅದು ಸಿನಿಮಾದವರ ಒಗ್ಗರಣೆ. ನಿಜವಾಗಿ ತಿಂಗಳುಗಳ ಮೊದಲೇ ತಿಳಿದಿತ್ತು. ಗದ್ದಲ ಮಾಡದೆ, ವೇಳಾಪಟ್ಟಿ ಬದಲಿಸಿರೆಂದು ಹಟ ಹಿಡಿಯದೆ, 400 ಮೀಟರಿಗೆ ಅಭ್ಯಾಸ ಮಾಡಿದ. ಜುಲೈ 11ರಂದು 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದ; 200 ಮೀಟರಿನಲ್ಲಿ ಕಂಚು. ಆ ಕ್ರೀಡಾಕೂಟಕ್ಕೆ ನಮ್ಮ ಭಾರತದ ತಂಡವೂ ಹೋಗಿತ್ತು, ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆ ತೆರೆದ ಹ್ಯಾರಿ ಬಕ್ ಅದರ ಜೊತೆಗಿದ್ದರು.

ನಮಗೆ ಪದಕಕ್ಕಿಂತ ಮುಂದಿನ ಸಂಗತಿ ದೊಡ್ಡದಾಗಿ ಕಾಣುತ್ತದೆ. 1925ರಲ್ಲಿ ಲಿಡೆಲ್ ಕೀರ್ತಿಯನ್ನೆಲ್ಲ ಬಿಟ್ಟು ಚೀನಕ್ಕೆ ಹೋಗಿ ಶಾಲಾಮಾಸ್ತರನಾದ. ಯುದ್ಧ ಬಂತು. ಹೆಂಡತಿ ಮಕ್ಕಳನ್ನು ಕೆನಡಕ್ಕೆ ಕಳಿಸಿ ತಾನು ಉಳಿದ. ಮೂರನೆಯ ಮಗಳ ಮುಖ ನೋಡಲೇ ಇಲ್ಲ. 1943ರಲ್ಲಿ ಜಪಾನಿಯರು ವೈಹ್ಸಿಯೆನ್ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ತಾಯಿತಂದೆಯರಿಂದ ಅಗಲಿದ ಹೈಸ್ಕೂಲು ವಯಸ್ಸಿನ ಮಕ್ಕಳು ಬಹಳವಿದ್ದರು. ಅವರಿಗೆ ಇವನೇ ಮೇಷ್ಟ್ರು, ಇವನೇ ‘ಅಂಕಲ್ ಎರಿಕ್’. ವಾರವೆಲ್ಲ ಆಟ ಆಡಿಸುತ್ತಿದ್ದ, ಭಾನುವಾರ ಬಿಟ್ಟು. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಿದರು; ರೆಫರಿ ಇಲ್ಲದ ಆಟ ಜಗಳದಲ್ಲಿ ಮುಗಿಯಿತು. ಮುಂದಿನ ಭಾನುವಾರ ಮೈದಾನಕ್ಕೆ ರೆಫರಿಯಾಗಿ ಬಂದವನು ಲಿಡೆಲ್!

ಒಲಿಂಪಿಕ್ಸಿಗೂ ಬಿಡದ ಭಾನುವಾರವನ್ನು ಹುಡುಗರ ಜಗಳಕ್ಕಾಗಿ ಬಿಟ್ಟನೇ ಎಂದು ಕೆಲವರು ಕೇಳಬಹುದು. ನಮ್ಮ ಅಜ್ಜಿಯರನ್ನು ನೆನೆಯಿರಿ. ಏಕಾದಶಿಯಂದು ತಾವು ಹನಿ ನೀರೂ ಮುಟ್ಟದೆ ಮೊಮ್ಮಕ್ಕಳಿಗೆ ದೋಸೆ ಹೊಯ್ದು ಕೊಡುತ್ತಿರಲಿಲ್ಲವೆ? ವ್ರತ ಅವರದು, ಹಸಿವು ಮಕ್ಕಳದು.

ಸ್ಟೀಫನ್ ಮೆಟ್‌ಕಾಫ್ ಎಂಬ ಹುಡುಗ ಶಿಬಿರದ ಚಳಿಯಲ್ಲಿ ಜೋಡಿಲ್ಲದೆ ತಿರುಗುತ್ತಿದ್ದ. ಲಿಡೆಲ್ ತನ್ನ ಓಟದ ಹಳೆಯ ಬೂಟುಗಳನ್ನು ದಾರದಿಂದ ಹೊಲಿದು ಅವನಿಗೆ ಕೊಟ್ಟ. ಕೆಲವೇ ವಾರಗಳಲ್ಲಿ, 1945ರ ಫೆಬ್ರವರಿ 21ರಂದು, ಮೆದುಳಿನ ಗಡ್ಡೆಯಿಂದ ತೀರಿಕೊಂಡ, ವಯಸ್ಸು 43. ಆ ಹುಡುಗ ಬೆಳೆದು ಮಿಷನರಿಯಾದ. ಹೋದದ್ದು ತನ್ನನ್ನು ಬಂಧಿಸಿದವರ ಜಪಾನಿಗೇ.

ಅವನ ಧರ್ಮ ನಮಗೇಕೆ, ಗುಣ ಹೊಗಳಿದರೆ ಸಾಲದೆ ಎನ್ನುವ ಮಿತ್ರರುಂಟು. ಕುದಿದ ಸಾರಿನಿಂದ ಉಪ್ಪನ್ನು ಬೇರೆ ಮಾಡಿ ಬಡಿಸಲಾದೀತೆ? ಬೇರೆ ಮತದವನ ಭಕ್ತಿಗೆ ಕೈಮುಗಿದರೆ ನಮ್ಮ ಭಕ್ತಿಯೇನೂ ಸವೆಯುವುದಿಲ್ಲ.

ಅಹಮದಾಬಾದಿರಲಿ, ವಡೋದರೆಯಿರಲಿ, ಸೂರತ್ತಿರಲಿ, ನಮ್ಮವರ ಆಟೋಟಗಳು ಭಾನುವಾರವೇ ಆಗಬೇಕು. ಬೇರೆ ದಿನ ಬಿಡುವಿಲ್ಲ. ಗುಮಾಸ್ತರಾದ ನಮಗೆ ಎರಡನೆಯ, ನಾಲ್ಕನೆಯ ಶನಿವಾರ ರಜೆಯುಂಟು; ಹೋಟೆಲಿನವರಿಗೂ ಗಿರಣಿಯವರಿಗೂ ಅದೆಲ್ಲಿ? ಆದರೆ ಬೆಳಗ್ಗೆ ಎಂಟಕ್ಕೇ ಓಟ ಇಟ್ಟರೆ ಮಂಗಳೂರು, ಧಾರವಾಡಗಳ ಕಡೆಯ ನಮ್ಮ ಕ್ರೈಸ್ತ ಮನೆಗಳ ಮಕ್ಕಳು ಚರ್ಚು ಮುಗಿಸಿ ಬರುವಷ್ಟರಲ್ಲಿ ಬಹುಮಾನದ ಪಟ್ಟಿ ತಯಾರಾಗಿರುತ್ತದೆ. ಆ ಮಕ್ಕಳು ದೂರುವುದಿಲ್ಲ. ಲಿಂಬೆಹಣ್ಣು-ಚಮಚದ ಆಟಕ್ಕೆ ಹೆಸರು ಕೊಟ್ಟು ಸುಮ್ಮನಾಗುತ್ತಾರೆ. ಹೈಸ್ಕೂಲು ಹುಡುಗ ಹುಡುಗಿಯರ ನೂರು ಮೀಟರ್ ಓಟವನ್ನು ಸಂಜೆ ನಾಲ್ಕಕ್ಕೆ ಇಟ್ಟರೆ ಹೇಗೆ? ಹೋಟೆಲಿನವರಿಗೂ ಆ ಹೊತ್ತು ತುಸು ಬಿಡುವು. ಬೆಳಗ್ಗೆ ಚಿಕ್ಕ ಮಕ್ಕಳ ಆಟ, ಮಧ್ಯಾಹ್ನ ಊಟ, ರಂಗೋಲಿ ಸ್ಪರ್ಧೆ ನಡೆಯಲಿ. ಸುಣ್ಣದ ಗೆರೆಯನ್ನು ಮಾತ್ರ ಊಟದ ಮೇಲೆ ಇನ್ನೊಮ್ಮೆ ಎಳೆಯಬೇಕಾದೀತು. ಆ ಕೆಲಸಕ್ಕೆ ನಾವು ಬರುತ್ತೇವೆ.