ದುರ್ಬೀನು ಬೇಡದ ನಡುಗಡ್ಡೆ
ನ್ಯೂಜಿಲೆಂಡಿನ ದಕ್ಷಿಣದ ಸ್ಟೀವರ್ಟ್ ದ್ವೀಪಕ್ಕೆ ಅಂಟಿದಂತಿರುವ ಪ್ಯಾಟರ್ಸನ್ ಕೊಲ್ಲಿಯಲ್ಲಿ ಉಲ್ವಾ ಎಂಬ ಪುಟ್ಟ ನಡುಗಡ್ಡೆಯಿದೆ. ವಿಸ್ತಾರ ಸುಮಾರು 270 ಹೆಕ್ಟೇರ್. ಹಕ್ಕಿ ನೋಡಲು ಹೊರಟವರು ದೋಣಿ ಹತ್ತುವ ಮೊದಲು ಚೀಲ ಬಿಚ್ಚಿ ನೋಡಬೇಕು, ಬೂಟಿನ ಅಡಿ ಉಜ್ಜಬೇಕು. ಇದು ಅತಿಯೆನಿಸಬಹುದು, ಆದರೆ ಸಸ್ತನಿ ಬೇಟೆಗಾರರನ್ನೇ ಅರಿಯದೆ ವಿಕಾಸಗೊಂಡ ಇಲ್ಲಿನ ಹಕ್ಕಿಗಳ ಪಾಲಿಗೆ ಬಸುರಿ ಇಲಿಯೊಂದೇ ಸಾಕು. 1990ರ ದಶಕದಲ್ಲಿ ಇಲಿಗಳನ್ನು ನಿರ್ಮೂಲಗೊಳಿಸಿದ ಮೇಲೆಯೇ ಸ್ಯಾಡಲ್‌ಬ್ಯಾಕ್, ಹಳದಿ ತಲೆಯ ಮೊಹುವಾ ಮುಂತಾದವನ್ನು ಬೇರೆಡೆಯಿಂದ ತಂದು ಬಿಟ್ಟದ್ದು. ಮಾರ್ಗದರ್ಶಕರು ಮೊದಲು ಕಿವಿಗೊಡಲು ಕಲಿಸುತ್ತಾರೆ, ಆಮೇಲೆ ಕಣ್ಣಿಗೆ ಕೆಲಸ. ದುರ್ಬೀನಿಗಂತೂ ಹೆಚ್ಚು ಕೆಲಸವಿಲ್ಲ: ತರಗೆಲೆ ಕೆದಕಿದರೆ ಹುಳ ಹೆಕ್ಕಲು ರಾಬಿನ್ ಬೂಟಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ, ಹಾರಲಾರದ ವೆಕಾ ಬುತ್ತಿಗೆ ಹೊಂಚುಹಾಕುತ್ತದೆ. ಬೇರೆಡೆ ಹೆಚ್ಚಾಗಿ ಇರುಳಲ್ಲೇ ಹೊರಬೀಳುವ ಕಿವಿ ಹಕ್ಕಿ ಇಲ್ಲಿ ಹಗಲಲ್ಲೂ ಅಡ್ಡಾಡುವುದುಂಟು.