ಗೂಟದ ಹಗ್ಗ ಬಿಚ್ಚುವವರು ಯಾರು?

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ಅವಳ ಉಪನದಿಗಳೂ ಉಕ್ಕಿ, ಸಾಂಗ್ಲಿ-ಕೊಲ್ಹಾಪುರಗಳನ್ನೂ ಬೆಳಗಾವಿ-ಬಾಗಲಕೋಟೆ ಜಿಲ್ಲೆಗಳನ್ನೂ ಒಟ್ಟಿಗೇ ಮುಳುಗಿಸಿದವು. ಭಾಷೆಯ ಗಡಿ ನೀರಿಗೆ ಗೊತ್ತಿರಲಿಲ್ಲ. ಎರಡೂ ಕಡೆ ಕಂಡ ಸಂಕಟವೂ ಒಂದೇ ಆಗಿತ್ತು: ದನಕರುಗಳನ್ನು ಬಿಟ್ಟು ದೋಣಿ ಹತ್ತಲು ಅನೇಕ ರೈತರಿಗೆ ಮನಸ್ಸು ಬರಲಿಲ್ಲ.

ಮನುಷ್ಯರೇ ಮುಳುಗುತ್ತಿರುವಾಗ ಎಮ್ಮೆಯ ಚಿಂತೆ ಏಕೆ ಎಂದು ಪಟ್ಟಣಿಗರು ಕೇಳಬಹುದು. ಒಂದು ಜೋಡಿ ಎತ್ತು, ಎರಡು ಎಮ್ಮೆ ಎಂದರೆ ಆ ಮನೆಯ ಮುಂದಿನ ವರ್ಷದ ಅನ್ನ. ಅದನ್ನು ಬಿಟ್ಟು ಬಾ ಎನ್ನುವ ದೋಣಿ ಬರಿದಾಗಿ ಮರಳುತ್ತದೆ. ನೀರು ಏರಿದ ಮೇಲೆ ಅದೇ ಮನೆಗೆ ಮತ್ತೆ ಹೋಗಬೇಕಾಗುತ್ತದೆ. ಆದುದರಿಂದ ದನಗಳ ರಕ್ಷಣೆ ಜನರ ರಕ್ಷಣೆಯ ಭಾಗವೇ ಆಗಿದೆ.

ನಮ್ಮ ಶಾಸನ ಇದನ್ನು ಹೀಗೆ ನೋಡಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಕೊಡುವ 'ವಿಪತ್ತಿ'ನ ವ್ಯಾಖ್ಯೆಯಲ್ಲಿ ಪ್ರಾಣಹಾನಿ, ಮಾನವರ ಯಾತನೆ, ಆಸ್ತಿ, ಪರಿಸರಗಳ ಪ್ರಸ್ತಾಪವಿದೆ, ಪ್ರಾಣಿಗಳ ಹೆಸರಿಲ್ಲ. ಎತ್ತು ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ. 2022-26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ದರದಂತೆ ಸತ್ತ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಎತ್ತು ಅಥವಾ ಕುದುರೆಗೆ 32,000 ರೂಪಾಯಿ. ಪರಿಹಾರ ಬೇಕು, ನಿಜ. ಆದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಸತ್ತ ಮೇಲೆ ಎಣಿಸುವ ಹಣವಿದು.

ಎಮ್ಮೆ, ಎತ್ತು, ಕುದುರೆಗಳು ಸ್ವಭಾವತಃ ಈಜಬಲ್ಲವು. ಅವನ್ನು ಎಷ್ಟೋ ಸಲ ಕೊಲ್ಲುವುದು ಗೂಟದ ಹಗ್ಗ. ಮುನ್ನೆಚ್ಚರಿಕೆ ಬಂದ ಗಳಿಗೆಯಲ್ಲಿ ಕಣ್ಣಿ ಬಿಚ್ಚಿ ದಿಬ್ಬಕ್ಕೆ ಹೊಡೆಯುವುದೇ ಮೊದಲ ಕೆಲಸ. ಸಿಕ್ಕಿಕೊಂಡ ಪ್ರಾಣಿಯ ಕೊರಳಿಗೆ ಹಗ್ಗ ಹಾಕಿ ಎಳೆದರೆ ಉಸಿರು ಕಟ್ಟುತ್ತದೆ. ಬಾಲ, ಕಾಲು ಹಿಡಿದೆಳೆದರೆ ಕೀಲು ತಪ್ಪುತ್ತದೆ. ಮುಂಗಾಲುಗಳ ಹಿಂದೆ ಎದೆಯನ್ನು ಸುತ್ತುವ ಅಗಲವಾದ ಪಟ್ಟಿ ಬೇಕು. ಕೆಸರಿನಲ್ಲಿ ಹೂತಿದ್ದರೆ ಮೊದಲು ಕಾಲಿನ ಸುತ್ತಲ ಕೆಸರನ್ನು ನೀರು ಹಾಯಿಸಿ ಸಡಿಲಿಸಬೇಕು. ಬೆದರಿದ ಕುದುರೆಯ ಹಿಂದೆ ನಿಲ್ಲಬಾರದು. ಉರಿಯುವ ಲಾಯದಿಂದ ಹೊರತಂದ ಕುದುರೆ ಮತ್ತೆ ಒಳಗೇ ಓಡಬಹುದು, ಬಾಗಿಲು ಮುಚ್ಚಬೇಕು. ಇವು ದುಬಾರಿ ವಿದ್ಯೆಗಳಲ್ಲ, ಆದರೆ ನೀರು ಎದೆಯ ಮಟ್ಟಕ್ಕೆ ಬಂದಾಗ ಕಲಿಯುವಂಥವೂ ಅಲ್ಲ.

ಮುನ್ಸಿದ್ಧತೆಯ ಫಲವನ್ನು ಒಡಿಶಾ ತೋರಿಸಿದೆ. 1999ರ ಮಹಾಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು, ಲಕ್ಷಗಟ್ಟಲೆ ದನಗಳೂ ಅಳಿದವು. 2013ರ ಫೈಲಿನ್ ಚಂಡಮಾರುತಕ್ಕೆ ಮೊದಲೇ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಿದ್ದರಿಂದ ಸಾವು ಕೆಲವೇ ಹತ್ತುಗಳಿಗೆ ಇಳಿಯಿತು. ಜನರಿಗೆ ಸಾಧ್ಯವಾದುದು ಜಾನುವಾರುಗಳಿಗೂ ಸಾಧ್ಯ.

ನದಿತೀರದ ಪ್ರತಿ ತಾಲೂಕಿನಲ್ಲಿ ಮೇವು-ನೀರಿನ ಸೌಕರ್ಯವುಳ್ಳ ಎತ್ತರದ ಜಾಗ ಮಳೆಗಾಲಕ್ಕೆ ಮೊದಲೇ ಗೊತ್ತಾಗಿರಬೇಕು. ಅಗ್ನಿಶಾಮಕ ಠಾಣೆಗಳಲ್ಲಿ ಅಗಲ ಪಟ್ಟಿಗಳಿರಬೇಕು. ಪಶುವೈದ್ಯರೊಡನೆ ಸಿಬ್ಬಂದಿಗೆ ತರಬೇತಿಯಾಗಬೇಕು. ಅಣೆಕಟ್ಟೆಯಿಂದ ನೀರು ಬಿಡುವ ಸೂಚನೆಯಲ್ಲಿಯೇ 'ದನ ಬಿಚ್ಚಿ' ಎಂಬ ಮಾತು ಕನ್ನಡ, ಮರಾಠಿ ಎರಡರಲ್ಲೂ ಹೋಗಬೇಕು.

ಹೊರನಾಡಿನ ನಮ್ಮ ಸಂಘಗಳು ನೆರೆ ಬಂದಾಗಲೆಲ್ಲ ಅಕ್ಕಿ, ಕಂಬಳಿ ಕಳಿಸುತ್ತವೆ. ಮುಂದಿನ ಮಳೆಗಾಲಕ್ಕೆ ಮೊದಲೇ ಆ ನಿಧಿಯ ಒಂದು ಪಾಲನ್ನು ಪಟ್ಟಿಗೂ ಮೇವಿಗೂ ತೆಗೆದಿರಿಸೋಣ. ಎರಡೂ ಭಾಷೆ ಬಲ್ಲ ನಾವು ಎರಡೂ ಕಡೆಯ ಅಧಿಕಾರಿಗಳಿಗೆ ಈ ಮಾತನ್ನು ಮುಟ್ಟಿಸಬಲ್ಲೆವು.